ಸಂಕಮ್ಮನ ಮೊರೆ ಕೇಳಿದ ಮಾದಪ್ಪ
(ಬೇನೆ, ಹರಕೆ ಮತ್ತು ಭಕ್ತಿಯನ್ನು ಕುರಿತು ಒಂದು ಪ್ರವಚನ)

॥ ಶ್ರೀ ಮಲೆ ಮಹದೇಶ್ವರ ಸ್ವಾಮಿ ಪ್ರಸನ್ನ ॥

ಉಘೇ ಮಾದಪ್ಪ! ಉಘೇ ಉಘೇ!



ಏಳುಮಲೆಯ ಒಡೆಯ, ಹುಲಿವಾಹನ, ಮಾಯ್ಕಾರ ಮಾದೇವನ ಸನ್ನಿಧಿಗೆ ಬರಿಗೈಲಿ ಬರುವವರು ಯಾರೂ ಇಲ್ಲ. ಕಾಯಿ, ಹಣ್ಣು, ಧೂಪ ತರದವರೂ ಎದೆಯೊಳಗೆ ಒಂದು ಬೇನೆಯನ್ನು ಗಂಟು ಕಟ್ಟಿಕೊಂಡೇ ಬಂದಿರುತ್ತಾರೆ. ಒಬ್ಬರಿಗೆ ಮಗುವಿನ ಜ್ವರ, ಒಬ್ಬರಿಗೆ ಮಕ್ಕಳಾಗದ ಕೊರಗು. ಒಬ್ಬರ ಮನೆಯಲ್ಲಿ ಕುಡಿತ, ಇನ್ನೊಬ್ಬರ ಮನೆಯಲ್ಲಿ ಅಣ್ಣತಮ್ಮಂದಿರ ವ್ಯಾಜ್ಯ. ಕೊಟ್ಟಿಗೆಯ ದನಕ್ಕೆ ರೋಗ ಬಂದರೂ ಈ ಸೀಮೆಯ ರೈತನ ಬಾಯಲ್ಲಿ ಮೊದಲು ಬರುವ ಮಾತು ಒಂದೇ: "ಅಪ್ಪಾ ಮಾದಪ್ಪ, ನೀನೇ ಕಾಪಾಡು. ನಿನ್ನ ಪರಸೆಗೆ ಬತ್ತೀನಿ."

ಹೀಗೆ ಬಂದವರು ತಾಳುಬೆಟ್ಟದಲ್ಲಿ ಕಾಯಿ ಒಡೆದು ಬರಿಗಾಲಲ್ಲಿ ಮಲೆ ಹತ್ತುತ್ತಾರೆ. ಅಂತರಗಂಗೆಯಲ್ಲಿ ಮುಳುಗಿ ಏಳುತ್ತಾರೆ. ಮುಡಿ ಕೊಡುವವರು ಮುಡಿ ಕೊಡುತ್ತಾರೆ, ಉರುಳು ಸೇವೆ ಮಾಡುವವರು ಒದ್ದೆ ಬಟ್ಟೆಯಲ್ಲಿ ಉರುಳುತ್ತಾರೆ, ಪಂಜಿನ ಸೇವೆಯವರು ಪಂಜು ಹಿಡಿಯುತ್ತಾರೆ. ಕೊನೆಗೆ ಹಣೆಗೆ ವಿಭೂತಿ ಇಟ್ಟುಕೊಂಡು, ಒಂದು ಚಿಟಿಕೆಯನ್ನು ಕಾಗದದಲ್ಲಿ ಮಡಿಸಿ ಮಡಿಲಿಗೆ ಹಾಕಿಕೊಂಡು ಇಳಿಯುತ್ತಾರೆ. ಈ ವಿಭೂತಿಯನ್ನೇ ಇಲ್ಲಿನ ಹಳೆಯ ಜನ ಧೂಳ್ತ ಅನ್ನುತ್ತಾರೆ.

ಈ ಧೂಳ್ತ ಏನು ಮಾಡುತ್ತದೆ? ಮಾದಪ್ಪ ಬೇನೆ ಕಳೆಯುವುದು ಹೇಗೆ? ಹರಕೆ ಅಂದರೆ ದೇವರ ಜೊತೆ ಮಾಡುವ ವ್ಯಾಪಾರವೇ? ಮಲೆ ಹತ್ತುವ ಪ್ರತಿಯೊಬ್ಬ ಭಕ್ತನೂ ಒಂದು ಗಳಿಗೆ ನಿಂತು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಕಂಸಾಳೆಯವರು ರಾತ್ರಿಯೆಲ್ಲ ಹಾಡುವ ಕತೆಯಲ್ಲೇ ಅದು ಇದೆ.

ಗಡಿ ಇಲ್ಲದ ದೇವರು

ಮೊದಲು ಈ ನೆಲವನ್ನು ನೋಡಬೇಕು. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ಸುಮಾರು 80 ಕಿಲೋಮೀಟರ್ ಬಂದರೆ ಮಾದಪ್ಪನ ಬೆಟ್ಟ. ಬೆಟ್ಟದಿಂದ ಆಚೆ ಇಳಿದು ಪಾಲಾರ್ ದಾಟಿದರೆ ತಮಿಳುನಾಡು, ಮೆಟ್ಟೂರು ದಾರಿ. ಒಂದು ಕಡೆ ಕಾವೇರಿ, ಸುತ್ತ ಕಾಡು, ಎಪ್ಪತ್ತೇಳು ಮಲೆ ಎಂದು ಜನ ಎಣಿಸುವ ಸಾಲು ಸಾಲು ಗುಡ್ಡ.

ಇಲ್ಲಿ ಗಡಿ ಹಲವು ಸಲ ಅತ್ತಿತ್ತ ಆಗಿದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಸೀಮೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಮೈಸೂರು ರಾಜ್ಯಕ್ಕೆ ಬಂದು ಮೈಸೂರು ಜಿಲ್ಲೆಯಾಯಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಕಾಗದದ ಮೇಲೆ ಗೆರೆ ಬದಲಾಯಿತು, ಕಂದಾಯದ ಕಚೇರಿ ಬದಲಾಯಿತು. ಆದರೆ ಪರಸೆ ಬದಲಾಗಲಿಲ್ಲ. ಮಂಡ್ಯ, ಮೈಸೂರಿನ ಒಕ್ಕಲು ಮಕ್ಕಳು ಬಂದ ಹಾಗೆಯೇ ಸೇಲಂ, ಈರೋಡು, ಧರ್ಮಪುರಿ ಕಡೆಯ ತಮಿಳು ಜನರೂ ಬಂದರು. ಇವರು "ಮಾದಪ್ಪ" ಅಂದರು, ಅವರು "ಮಾದೇಶ್ವರ ಸಾಮಿ" ಅಂದರು. ಎರಡು ಭಾಷೆಯ ತಾಯಂದಿರು ಒಂದೇ ಜಗಲಿಯ ಮೇಲೆ ಮಲಗಿ, ಒಬ್ಬರ ಮಗು ಅತ್ತರೆ ಇನ್ನೊಬ್ಬರು ಎತ್ತಿಕೊಳ್ಳುವ ಜಾಗ ಇದು.

ಈ ಕಾಡು ಭಯವನ್ನೂ ಕಂಡಿದೆ. ಕಾಡುಗಳ್ಳ ವೀರಪ್ಪನ್ 2004ರ ಅಕ್ಟೋಬರ್‌ನಲ್ಲಿ ಹತನಾಗುವವರೆಗೂ ಗಡಿಯ ಎರಡೂ ಕಡೆಯ ಊರಿನವರು ಸಂಜೆಯಾದರೆ ಬಾಗಿಲು ಹಾಕಿಕೊಂಡು ಬದುಕಿದರು. ಕಾಡಿನ ಜನ ಎರಡು ಕಡೆಯಿಂದಲೂ ಪೆಟ್ಟು ತಿಂದರು. ಆ ವರ್ಷಗಳಲ್ಲೂ ಅಮಾವಾಸ್ಯೆಗೆ ಪರಸೆ ನಿಲ್ಲಲಿಲ್ಲ. ಭಯಕ್ಕಿಂತ ನಂಬಿಕೆ ಒಂದು ಹೆಜ್ಜೆ ಮುಂದೆ ಇತ್ತು.

ಮಾದಪ್ಪನ ಒಕ್ಕಲನ್ನು ನೋಡಿದರೂ ಇದೇ ಮಾತು. ಪೂಜೆ ಮಾಡುವವರು ಬೇಡಗಂಪಣರು. ಕಾಡಿನ ಸೋಲಿಗರಿಗೆ ಆತ ಮನೆಯ ಹಿರಿಯ. ಗುಡಿ ಕಟ್ಟಿಸಿದವನು ಆಲಂಬಾಡಿಯ ಕುರುಬರ ಜುಂಜೇಗೌಡ ಎಂದು ಕತೆ ಹೇಳುತ್ತದೆ. ಅವನ ಹಸು ಹೋಗಿ ಹುತ್ತಕ್ಕೆ ಹಾಲು ಕರೆಯುತ್ತಿದ್ದದ್ದು ಎಲ್ಲರೂ ಬಲ್ಲ ಸಂಗತಿ. ಲಿಂಗವಂತರು, ಒಕ್ಕಲಿಗರು, ನಾಯಕರು, ದಲಿತರು, ಎಲ್ಲರ ಮನೆಯಲ್ಲೂ ಒಬ್ಬ ಮಾದೇವ, ಒಬ್ಬ ಮಾದೇವಮ್ಮ ಇದ್ದೇ ಇರುತ್ತಾರೆ. ಹುಷಾರಿಲ್ಲದ ಮಗುವಿಗೆ ಹರಕೆ ಹೊತ್ತು ಇಟ್ಟ ಹೆಸರುಗಳೇ ಅದರಲ್ಲಿ ಹೆಚ್ಚು.

ರಾಗಿ ಬೀಸಿದ ಕೈ

ಮಾದಪ್ಪ ಹದಿನಾಲ್ಕು, ಹದಿನೈದನೆಯ ಶತಮಾನದ ಕಾಲದವರೆಂದು ಪರಂಪರೆ ನಂಬುತ್ತದೆ. ಉತ್ತರಾಜಮ್ಮನ ಮಗನಾಗಿ ಉತ್ತರ ದೇಶದಿಂದ ಬಂದರು ಎನ್ನುತ್ತಾರೆ. ಸುತ್ತೂರು ಮಠಕ್ಕೂ ಕುಂತೂರು ಮಠಕ್ಕೂ ಬಂದರು. ಅಲ್ಲಿ ಅವರಿಗೆ ಸಿಕ್ಕಿದ ಕೆಲಸ ಏನು? ಗದ್ದುಗೆಯಲ್ಲ, ಪಲ್ಲಕ್ಕಿಯಲ್ಲ. ರಾಗಿ ಬೀಸುವ ಕಲ್ಲು.

ಈ ಸಂಗತಿಯನ್ನು ಸುಮ್ಮನೆ ದಾಟಿಹೋಗಬಾರದು. ಆ ಕಾಲದಲ್ಲಿ, ಈಚಿನವರೆಗೂ, ಬೆಳಗಿನ ಜಾವ ಎದ್ದು ರಾಗಿ ಬೀಸುತ್ತಿದ್ದವರು ಮನೆಯ ಹೆಣ್ಣುಮಕ್ಕಳು. ಬೀಸಿ ಬೀಸಿ ಅಂಗೈ ಬೊಬ್ಬೆ ಬರುತ್ತಿತ್ತು, ರಟ್ಟೆ ಸೋಲುತ್ತಿತ್ತು. ಅವರ ಕಷ್ಟ ಕೇಳುತ್ತಿದ್ದದ್ದು ಬೀಸುವ ಕಲ್ಲು ಒಂದೇ. ಮಾದಪ್ಪ ಆ ಕಲ್ಲಿನ ಮುಂದೆ ಕೂತರು. ದೇವರಾಗುವ ಮುಂಚೆ ಹೆಣ್ಣಿನ ಕೆಲಸ ಮಾಡಿದರು, ಹೆಣ್ಣಿನ ನೋವು ಕಲಿತರು. ಕಷ್ಟವನ್ನು ಮೈಯಲ್ಲಿ ಅನುಭವಿಸಿ ಅರಿತವನು ಮಾತ್ರ ಇನ್ನೊಬ್ಬರ ಕಷ್ಟಕ್ಕೆ ಮದ್ದಾಗಬಲ್ಲ. ಇದು ಮಾದಪ್ಪನ ಚರಿತ್ರೆಯ ಮೊದಲ ಪಾಠ.

ಸಂಕಮ್ಮನ ಸಾಲು

ದೇವರಗುಡ್ಡರು ಮಾದಪ್ಪನ ಕತೆಯನ್ನು ಸಾಲು ಸಾಲಾಗಿ ಹಾಡುತ್ತಾರೆ. ಅದರಲ್ಲಿ ಹೆಂಗಸರು ಕಣ್ಣೀರು ಹಾಕಿಕೊಂಡು ಕೇಳುವುದು ಸಂಕಮ್ಮನ ಸಾಲು. ಊರಿಂದ ಊರಿಗೆ ಹಾಡುವ ರೀತಿ ಸ್ವಲ್ಪ ಬೇರೆ ಬೇರೆ. ಕತೆಯ ಹುರುಳು ಒಂದೇ.

ಸೋಲಿಗರ ನೀಲೇಗೌಡ, ಅವನ ಹೆಂಡತಿ ಸಂಕಮ್ಮ. ಮದುವೆಯಾಗಿ ವರ್ಷಗಳಾದರೂ ಮಕ್ಕಳಿಲ್ಲ. ಹಟ್ಟಿಯವರು ಆಡಿಕೊಳ್ಳುತ್ತಾರೆ, ಎದುರಿಗೆ ಬಂದರೆ ಮುಖ ತಿರುಗಿಸುತ್ತಾರೆ. ಒಂದು ದಿನ ನೀಲೇಗೌಡ ಬೇಟೆಗೆ, ಜೇನಿಗೆ ಎಂದು ದೂರದ ಮಲೆಗೆ ಹೊರಟ. ಹೊರಡುವಾಗ ಅವನ ಮನಸ್ಸಿಗೆ ಒಂದು ಹುಳ ಹೊಕ್ಕಿತು. ತಿಂಗಳುಗಟ್ಟಲೆ ನಾನಿಲ್ಲದಾಗ ಇವಳು ಹೇಗಿರುತ್ತಾಳೋ ಎಂದು.

"ಸಂಕೀ, ನಾ ತಿರುಗಿ ಬರೋಗಂಟ ನೆಟ್ಟಗಿರ್ತೀನಿ ಅಂತ ಬಲಗೈ ಭಾಷೆ ಕೊಡು" ಅಂದ.

ಸಂಕಮ್ಮ ಅಂದಳು: "ಕೈ ಹಿಡಿದ ದಿನ ಕೊಟ್ಟಿದ್ದು ಸಾಲದಾ? ನನ್ನ ನಂಬೋದಾದ್ರೆ ಭಾಷೆ ಯಾಕೆ? ನಂಬದೆ ಇದ್ದರೆ ಭಾಷೆ ಕೊಟ್ಟು ಏನು ಬಂತು?"

ಅವಳು ಕೇಳಿದ್ದು ನ್ಯಾಯ. ಆದರೆ ಅನುಮಾನ ಹಿಡಿದವನಿಗೆ ನ್ಯಾಯ ಕೇಳಿಸುವುದಿಲ್ಲ. ನೀಲೇಗೌಡ ಅವಳಿಗೆ ಹೇಳಬಾರದ ಹಿಂಸೆ ಕೊಟ್ಟ. ಗುಡ್ಲೊಳಗೆ ಕೂಡಿಹಾಕಿದ. ಬಾಗಿಲಿಗೆ ಮುಳ್ಳು ಜಡಿದ. ಅನ್ನ ನೀರು ಯಾರು ಕೊಡುತ್ತಾರೆ ಎಂದು ಯೋಚಿಸದೆ ಮಲೆಗೆ ಹೊರಟುಹೋದ.

ಒಳಗೆ ಸಂಕಮ್ಮ ಒಬ್ಬಳೇ. ಕೂಗಿದರೆ ಹಟ್ಟಿಯವರು ಬರಲಿಲ್ಲ. ಗಂಡ ಹೆಂಡಿರ ವಿಷಯ, ನಮಗ್ಯಾಕೆ ಎಂದು ಸುಮ್ಮನಿದ್ದರು. ಆಗ ಅವಳು ಕರೆದಿದ್ದು ಮಾದಪ್ಪನನ್ನು. ಏಳು ಮಲೆಯ ಆಚೆ ಇದ್ದ ಮಾದಪ್ಪನ ಕಿವಿಗೆ ಆ ಮೊರೆ ಬಿತ್ತು. ಪಕ್ಕದ ಗುಡ್ಲಿನವರಿಗೆ ಕೇಳದ ಕೂಗು ಅವರಿಗೆ ಕೇಳಿಸಿತು. ಜಂಗಮನ ವೇಷದಲ್ಲಿ ಬಂದರು, ಮುಳ್ಳು ಸರಿಸಿದರು, ಕಟ್ಟು ಬಿಡಿಸಿದರು.

"ಅಳಬ್ಯಾಡ ಕಣವ್ವ" ಅಂದರು. ಬಂಜೆ ಎಂದು ಅನ್ನಿಸಿಕೊಂಡವಳಿಗೆ ಎರಡು ಮಕ್ಕಳ ವರ ಕೊಟ್ಟರು.

ನೀಲೇಗೌಡ ತಿರುಗಿ ಬಂದಾಗ ಹುಳ ಇನ್ನೂ ದೊಡ್ಡದಾಯಿತು. ನಂಬಲಿಲ್ಲ, ಅವಳಿಗೆ ಸತ್ಯದ ಪರೀಕ್ಷೆ ಒಡ್ಡಿದ. ಸಂಕಮ್ಮ ಮಾದಪ್ಪನ ನೆರಳಿನಲ್ಲಿ ಗೆದ್ದಳು. ಹುಟ್ಟಿದ ಮಕ್ಕಳೇ ಕಾರಯ್ಯ, ಬಿಲ್ಲಯ್ಯ. ಆ ಇಬ್ಬರೂ ಮಾದಪ್ಪನ ಶಿಶುಮಕ್ಕಳಾದರು. ಇಂದಿಗೂ ಮಾದಪ್ಪನ ಹೆಸರಿನ ಜೊತೆಗೆ ಅವರ ಹೆಸರು ಕೂಗುತ್ತಾರೆ.

ಬೇನೆ ಇದ್ದದ್ದು ಯಾರಿಗೆ?

ಈಗ ಯೋಚನೆ ಮಾಡಬೇಕು. ಈ ಕತೆಯಲ್ಲಿ ಬೇನೆ ಇದ್ದದ್ದು ಯಾರಿಗೆ?

ಊರಿನವರ ಕಣ್ಣಿಗೆ ಸಂಕಮ್ಮನಿಗೆ. ಮಕ್ಕಳಿಲ್ಲ, ಬಂಜೆ, ಅವಳನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಹರಕೆ ಕಟ್ಟಿಸಿ ಎನ್ನುತ್ತಿದ್ದರು. ಆದರೆ ಮಾದಪ್ಪನ ಕಣ್ಣಿಗೆ ಬೇರೆ ಕಂಡಿತು. ಸಂಕಮ್ಮನ ಮೈಯೂ ಗಟ್ಟಿ, ಮನಸ್ಸೂ ಗಟ್ಟಿ. ರೋಗ ಇದ್ದದ್ದು ನೀಲೇಗೌಡನಲ್ಲಿ. ಅನುಮಾನ ಎಂಬ ರೋಗ. ಎರಡನೆಯ ರೋಗ ಹಟ್ಟಿಯವರಲ್ಲಿ. ಪಕ್ಕದ ಮನೆಯ ಕೂಗು ಕೇಳಿಯೂ ಕೇಳದ ಹಾಗೆ ಇರುವ ರೋಗ.

ಮಾದಪ್ಪ ಮೊದಲು ಮಾಡಿದ್ದು ಏನು ಎಂಬುದನ್ನೂ ಗಮನಿಸಬೇಕು. ವರ ಕೊಟ್ಟದ್ದು ಆಮೇಲೆ. ಮೊದಲು ಬಾಗಿಲ ಮುಳ್ಳು ತೆಗೆದರು. ಕಟ್ಟಿಹಾಕಿದವಳಿಗೆ ಎಷ್ಟು ವಿಭೂತಿ ಹಚ್ಚಿದರೂ ಕಟ್ಟು ಬಿಚ್ಚದೆ ವಾಸಿಯಾಗುವುದುಂಟೆ?

ಇವತ್ತೂ ಮಕ್ಕಳಾಗಲಿಲ್ಲ ಎಂದು ಎಷ್ಟೋ ಹೆಣ್ಣುಮಕ್ಕಳು ಮಲೆ ಹತ್ತುತ್ತಾರೆ. ಅತ್ತೆ ಮುಂದೆ, ಸೊಸೆ ತಲೆ ತಗ್ಗಿಸಿಕೊಂಡು ಹಿಂದೆ. ಉರುಳು ಸೇವೆ ಅವಳದೇ, ಉಪವಾಸ ಅವಳದೇ, ಬೈಗುಳವೂ ಅವಳಿಗೇ. ಗಂಡ ಅಂಗಡಿ ಮುಂದೆ ಕಾಫಿ ಕುಡಿಯುತ್ತಾ ನಿಂತಿರುತ್ತಾನೆ. ಮಕ್ಕಳಾಗದಿರುವುದಕ್ಕೆ ಕಾರಣ ಹೆಣ್ಣಿನಲ್ಲಿ ಇರಬಹುದು, ಗಂಡಿನಲ್ಲಿ ಇರಬಹುದು, ಇಬ್ಬರಲ್ಲೂ ಇರಬಹುದು ಎಂದು ವೈದ್ಯರು ಹೇಳುತ್ತಾರೆ. ಆದ್ದರಿಂದ ಪರೀಕ್ಷೆಗೆ ಇಬ್ಬರೂ ಹೋಗಬೇಕು, ಹರಕೆಯನ್ನೂ ಇಬ್ಬರೂ ಹೊರಬೇಕು. ಸಂಕಮ್ಮನ ದೇವರ ಮುಂದೆ ನಿಂತು ಸೊಸೆಯನ್ನು ಬಂಜೆ ಎಂದು ಕರೆಯುವ ನಾಲಿಗೆಗೆ ಆ ದೇವರ ಪ್ರಸಾದ ದಕ್ಕುವುದು ಹೇಗೆ?

ಹೆಂಡತಿಯನ್ನು ಹೊಡೆಯುವವನು, ಅನುಮಾನದಿಂದ ಕಾಯುವವನು, ಅವಳ ಫೋನು ಕಿತ್ತುಕೊಂಡು ಬೀಗ ಹಾಕಿ ಹೋಗುವವನು ಎಷ್ಟೇ ಸಲ ಬರಿಗಾಲಲ್ಲಿ ಹತ್ತಿದರೂ ಅವನು ನೀಲೇಗೌಡನ ಸಾಲಿನಲ್ಲೇ ನಿಂತಿರುತ್ತಾನೆ. ಅವನು ಬೇಡಬೇಕಾದ ವರ ಒಂದೇ: "ಅಪ್ಪಾ, ನನ್ನ ಎದೆಯ ಹುಳ ತೆಗಿ."

ಧೂಳ್ತವೂ ಗುಳಿಗೆಯೂ

ತಾಳುಬೆಟ್ಟದ ದಾರಿಯಲ್ಲಿ ಪರಸೆಯ ಜನ ಕೂತು ದಣಿವಾರಿಸಿಕೊಳ್ಳುವಾಗ ಇಂಥ ಮಾತುಕತೆ ಯಾರ ಕಿವಿಗಾದರೂ ಬೀಳಬಹುದು. ಒಬ್ಬ ತಾಯಿ, ಮಡಿಲಲ್ಲಿ ಆರೇಳು ವರ್ಷದ ಮಗ. ಪಕ್ಕದಲ್ಲಿ ಕಂಸಾಳೆ ಹಿಡಿದ ಮುದುಕ ಗುಡ್ಡಪ್ಪ.

"ಮಗೀಗೆ ಏನಾಗೈತವ್ವ?"

"ಮೂರ್ಛೆ ಬತ್ತದೆ ಕಣಪ್ಪ. ಡಾಕ್ಟ್ರು ಗುಳಿಗೆ ಕೊಟ್ಟವ್ರೆ. ಹರಕೆ ಹೊತ್ತಮ್ಯಾಲೆ ನಿಲ್ಲಿಸ್ಬುಟ್ಟೆ. ಗುಳಿಗೆ ನುಂಗ್ಸುದ್ರೆ ಮಾದಪ್ಪುನ್ನ ನಂಬ್ನಿಲ್ಲ ಅಂತ ಆಗಲ್ವಾ?"

"ಯಾರವ್ವ ಹಂಗಂದೋರು? ಮಾದಪ್ಪ ಬಂದು ಗುಳಿಗೆ ಬುಡು ಅಂದ್ನಾ?"

"ಇಲ್ಲ..."

"ಆ ಡಾಕ್ಟ್ರಿಗೆ ಬುದ್ಧಿ ಕೊಟ್ಟೋನ್ಯಾರು? ಗುಳಿಗೇಲಿ ಗುಣ ಮಡಗ್ದೋನ್ಯಾರು? ಹೊತ್ತೊತ್ತಿಗೆ ಗುಳಿಗೆ ಕೊಡು. ಕೊಡೋವಾಗ ಮಾದಪ್ಪ ಅನ್ನು. ಅದೇ ಪೂಜೆ."

ಗುಡ್ಡಪ್ಪ ಹೇಳಿದ್ದರಲ್ಲಿ ಇಡೀ ಪ್ರವಚನವೇ ಇದೆ. ಮೂರ್ಛೆ ರೋಗದ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಮೂರ್ಛೆ ಬರಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು ಉಪವಾಸದ ಹೆಸರಿನಲ್ಲಿ ಔಷಧಿ ಬಿಟ್ಟು ಮಲೆ ಹತ್ತುವುದೂ ಹೀಗೆಯೇ. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಔಷಧಿ ಇದೆ, ಹೇಳಿದಷ್ಟು ತಿಂಗಳು ತಪ್ಪದೆ ತೆಗೆದುಕೊಂಡರೆ ಗುಣವಾಗುತ್ತದೆ. ನಡುವೆ ಬಿಟ್ಟರೆ ರೋಗ ಮತ್ತೆ ಹೆಡೆ ಎತ್ತುತ್ತದೆ, ಮನೆಮಂದಿಗೂ ಅಂಟುತ್ತದೆ.

ಹಾವಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಇದು ಕಾಡು, ಹೊಲ, ಹುತ್ತ ಇರುವ ಸೀಮೆ. ಹಾವು ಕಚ್ಚಿದಾಗ ಮಂತ್ರ ಹಾಕಿಸೋಣ, ಧೂಳ್ತ ಹಚ್ಚೋಣ ಎಂದು ಊರೂರು ಅಲೆಯುತ್ತಾ ಹೊತ್ತು ಕಳೆದು ಜೀವ ಹೋದ ಮನೆಗಳಿವೆ. ವಿಷಕ್ಕೆ ಮದ್ದು ಆಸ್ಪತ್ರೆಯ ಚುಚ್ಚುಮದ್ದು ಒಂದೇ. ಕಚ್ಚಿದ ಜಾಗವನ್ನು ಕೊಯ್ಯಬಾರದು, ಬಾಯಲ್ಲಿ ಹೀರಬಾರದು, ಹಗ್ಗದಿಂದ ಬಿಗಿಯಬಾರದು. ಕೈಯೋ ಕಾಲೋ ಅಲ್ಲಾಡದಂತೆ ಇಟ್ಟು ಕೂಡಲೇ 108ಕ್ಕೆ ಫೋನು ಮಾಡಬೇಕು, ಇಲ್ಲವೇ ಸಿಕ್ಕಿದ ಗಾಡಿಯಲ್ಲಿ ಆಸ್ಪತ್ರೆಗೆ ಸೇರಿಸಬೇಕು. ಮಾದಪ್ಪನ ಹೆಸರನ್ನು ದಾರಿಯುದ್ದಕ್ಕೂ ಹೇಳಬಹುದು. ಗಾಡಿ ಮಾತ್ರ ಆಸ್ಪತ್ರೆಯ ಕಡೆಗೇ ಓಡಬೇಕು.

ಹಾಗಾದರೆ ಧೂಳ್ತ ಯಾತಕ್ಕೆ ಎಂದು ಕೆಲವರು ಕೇಳಬಹುದು. ಔಷಧಿ ಮೈಗೆ, ಧೂಳ್ತ ಜೀವಕ್ಕೆ. ರೋಗಿಗೆ ರೋಗಕ್ಕಿಂತ ದೊಡ್ಡ ಕಷ್ಟ ಯಾವುದು? ನನಗೆ ಯಾರೂ ಇಲ್ಲ ಎನ್ನುವುದು. ಹಣೆಗೆ ಧೂಳ್ತ ಇಡುವಾಗ ಒಂದು ಕೈ ರೋಗಿಯ ತಲೆ ಮುಟ್ಟುತ್ತದೆ. ಒಬ್ಬ ತಾಯಿಯೋ ಅಜ್ಜಿಯೋ ಗಂಡನೋ ಪಕ್ಕದಲ್ಲಿ ಕೂತು ಹೆಸರು ಹಿಡಿದು ಕರೆಯುತ್ತಾರೆ. ಆ ಸ್ಪರ್ಶದಲ್ಲಿ ಭಯ ಕರಗುತ್ತದೆ, ನಿದ್ದೆ ಬರುತ್ತದೆ, ಊಟ ಸೇರುತ್ತದೆ, ಔಷಧಿ ನುಂಗುವ ಮನಸ್ಸು ಬರುತ್ತದೆ. ಬೂದಿ ಎಂದರೆ ಎಲ್ಲ ಉರಿದ ಮೇಲೆ ಉಳಿದದ್ದು. ಅದನ್ನು ಹಣೆಗಿಟ್ಟುಕೊಂಡವನು, ಸಾವು ಇದೆ, ಆದರೂ ಇವತ್ತು ಬದುಕಿದ್ದೇನೆ ಎಂದು ಧೈರ್ಯ ತಂದುಕೊಳ್ಳುತ್ತಾನೆ.

ಎಲ್ಲ ಹರಕೆಯೂ ಕೈಗೂಡುವುದಿಲ್ಲ ಎಂಬ ಸತ್ಯವನ್ನೂ ಮುಚ್ಚಿಡಬಾರದು. ಮಲೆ ಹತ್ತಿ, ಉರುಳು ಸೇವೆ ಮಾಡಿ, ಔಷಧಿಯನ್ನೂ ಕೊಡಿಸಿ, ಆದರೂ ಮಗುವನ್ನು ಕಳೆದುಕೊಂಡ ತಂದೆತಾಯಿ ಇದ್ದಾರೆ. ಅಂಥವರಿಗೆ "ನಿಮ್ಮ ಭಕ್ತಿ ಸಾಲದಾಯ್ತು" ಎಂದು ಹೇಳುವವರು ಮಾದಪ್ಪನ ಭಕ್ತರಲ್ಲ. ಹುಟ್ಟಿದ ಜೀವಕ್ಕೆ ಸಾವು ತಪ್ಪಿದ್ದಲ್ಲ. ದುಃಖದ ಮನೆಯ ಬಾಗಿಲಲ್ಲಿ ಸುಮ್ಮನೆ ಹೋಗಿ ಕೂರುವುದು, ಒಂದು ಹೊತ್ತು ಗಂಜಿ ಕಾಯಿಸಿ ಕೊಡುವುದು, ಇದು ಅಲ್ಲಿ ಮಾಡಬೇಕಾದ ಸೇವೆ.

ಕಾಡಿನ ಜನ ಇದನ್ನು ಮೊದಲೇ ಬಲ್ಲರು. ಸೋಲಿಗರಿಗೆ ಬೇರು, ತೊಗಟೆ, ಸೊಪ್ಪಿನ ಅರಿವು ಇದೆ, ಹಾಡೂ ಇದೆ, ದೇವರೂ ಇದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡು ಎಂದು ಅವರ ಹಿರಿಯರು ಹೇಳಲಿಲ್ಲ. ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು ಸೋಲಿಗರ ನಡುವೆ ನೆಲೆಸಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದಾಗ, ಆಸ್ಪತ್ರೆಯ ಔಷಧಿಯ ಜೊತೆಗೆ ಸೋಲಿಗರ ಗಿಡಮೂಲಿಕೆಯ ಅರಿವಿಗೂ ಗೌರವ ಕೊಟ್ಟರು. ಸೋಲಿಗರಲ್ಲಿ ಕಾಣುವ ಕುಡಗೋಲು ರಕ್ತಕಣದ ರೋಗ ತಂದೆತಾಯಿಯ ರಕ್ತದಿಂದ ಮಕ್ಕಳಿಗೆ ಬರುವಂಥದ್ದು. ಅದು ಯಾರ ಶಾಪವೂ ಅಲ್ಲ, ಮಾಟವೂ ಅಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ರೋಗವನ್ನು ಮಾಟ ಎಂದು ಕರೆದು ಪಕ್ಕದ ಮನೆಯ ಮುದುಕಿಯ ಮೇಲೆ ತಪ್ಪು ಹೊರಿಸುವುದು ಮಾದಪ್ಪನಿಗೆ ಮಾಡುವ ದ್ರೋಹ.

ಹರಕೆ ಎಂದರೆ ನಡತೆ

ಹರಕೆ ಹೊರುವಾಗ ಜನ ಲೆಕ್ಕ ಹಾಕುತ್ತಾರೆ. ಇಷ್ಟು ಕಾಯಿ, ಇಷ್ಟು ಎಣ್ಣೆ, ಇಷ್ಟು ದುಡ್ಡು. ಮಾದಪ್ಪನ ಹುಂಡಿಗೆ ಕೊಟ್ಟದ್ದು ದಾಸೋಹದಲ್ಲಿ ಅನ್ನವಾಗಿ ಹಸಿದವರ ಎಲೆಗೆ ಬರುತ್ತದೆ. ಅದು ಒಳ್ಳೆಯದೇ. ಸಾಲ ಮಾಡಿ ಹರಕೆ ತೀರಿಸುವುದು ಮಾತ್ರ ಬೇಡ. ಮಡಿಲಲ್ಲಿ ಕಟ್ಟಿ ತಂದ ಒಂದು ಹಿಡಿ ರಾಗಿಯನ್ನೂ ಮಾದಪ್ಪ ಬೇಡ ಎನ್ನಲಾರ. ಭಿಕ್ಷೆ ಬೇಡಿದ ದೇವರು ಅವನು.

ನಿಜವಾದ ಹರಕೆ ಯಾವುದು? ಕುಡಿತ ಬಿಡುವ ಹರಕೆ. ಬೆಟ್ಟಕ್ಕೆ ಬರುವ ಮೂರು ದಿನ ಮಾತ್ರ ಬಿಟ್ಟು, ಇಳಿದ ಕೂಡಲೇ ಅಂಗಡಿ ಮುಂದೆ ನಿಲ್ಲುವುದಲ್ಲ. ಬಿಡಲು ಒಬ್ಬನಿಂದ ಆಗದಿದ್ದರೆ ವೈದ್ಯರ ಸಹಾಯ ಪಡೆಯಲು ನಾಚಿಕೆ ಯಾತಕ್ಕೆ? ಮಾತು ಬಿಟ್ಟ ತಮ್ಮನ ಮನೆ ಬಾಗಿಲಿಗೆ ಹೋಗುವುದು ಒಂದು ಹರಕೆ. ಬದುವಿನ ಒಂದು ಮೊಳ ಜಾಗಕ್ಕೆ ಹತ್ತು ವರ್ಷ ಕೋರ್ಟಿಗೆ ಅಲೆದವರು ಅದನ್ನು ಬಿಟ್ಟುಕೊಡುವುದು ಒಂದು ಹರಕೆ. ಮನಸ್ಸು ಕೆಟ್ಟವರನ್ನು ಸಂಕೋಲೆ ಹಾಕಿ ತರುವ ಬದಲು ಕೈ ಹಿಡಿದು ತರುವುದು, ಇಳಿದ ಮೇಲೆ ಮನೋವೈದ್ಯರ ಹತ್ತಿರ ಕರೆದೊಯ್ಯುವುದು ಒಂದು ಹರಕೆ. ಸಂಕಮ್ಮನ ಕಟ್ಟು ಬಿಚ್ಚಿದ ದೇವರ ಮುಂದೆ ಇನ್ನೊಬ್ಬರನ್ನು ಕಟ್ಟಿ ನಿಲ್ಲಿಸಬಾರದು.

ದೀಪಾವಳಿಯ ಹಾಲರವೆ ಉತ್ಸವವನ್ನು ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬೇಡಗಂಪಣರ 101 ಹೆಣ್ಣುಮಕ್ಕಳು ಉಪವಾಸವಿದ್ದು ಹಾಲಹಳ್ಳದಿಂದ ಕಳಶದಲ್ಲಿ ನೀರು ಹೊತ್ತು ಕಾಡಿನ ದಾರಿಯಲ್ಲಿ ಬರುತ್ತಾರೆ. ಆ ನೀರಿನಲ್ಲೇ ಸ್ವಾಮಿಗೆ ಅಭಿಷೇಕ. ಏಳುಮಲೆ ಒಡೆಯ ತನ್ನ ಸ್ನಾನದ ನೀರಿಗೆ ಪುಟ್ಟ ಹೆಣ್ಣುಮಕ್ಕಳ ದಾರಿ ಕಾಯುತ್ತಾನೆ. ಹೆಣ್ಣು ಹುಟ್ಟಿತೆಂದು ಮುಖ ಸಿಂಡರಿಸುವವರು ಆ ಮೆರವಣಿಗೆಯನ್ನು ಒಂದು ಸಲ ನೋಡಬೇಕು.

ಹುಲಿಯ ಬೇನೆ

ಕೊನೆಯದಾಗಿ ಇನ್ನೊಂದು ಮಾತು. ಮಾದಪ್ಪ ಕುದುರೆ ಏರಲಿಲ್ಲ, ಆನೆ ಏರಲಿಲ್ಲ. ಹುಲಿ ಏರಿದರು. 2023ರ ಮಾರ್ಚ್‌ನಲ್ಲಿ ಲೋಕಾರ್ಪಣೆಯಾದ 108 ಅಡಿಯ ಮೂರ್ತಿಯಲ್ಲೂ ಅವರು ಹುಲಿಯ ಮೇಲೆಯೇ ಕೂತಿದ್ದಾರೆ. ದನ ಕಾಯುವವರ ದೇವರು ದನ ತಿನ್ನುವ ಹುಲಿಯನ್ನು ಏರಿದ್ದು ಯಾಕೆ? ಎರಡೂ ಅವರ ಮಕ್ಕಳೇ ಎಂಬ ಕಾರಣಕ್ಕೆ. ಹುಲಿಯನ್ನು ಕೊಲ್ಲಲಿಲ್ಲ, ಪಳಗಿಸಿಕೊಂಡರು.

2025ರ ಜೂನ್ ತಿಂಗಳಲ್ಲಿ ಇದೇ ಮಲೆಯ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ, ಅದರ ನಾಲ್ಕು ಮರಿ ಸತ್ತುಬಿದ್ದವು. ಹುಲಿ ಹಿಡಿದ ಹಸುವಿನ ಮೈಗೆ ವಿಷ ಹಾಕಲಾಗಿತ್ತು. ಹಸು ಕಳೆದುಕೊಂಡವನ ನೋವು ಸಣ್ಣದಲ್ಲ. ಬಡವನ ಮನೆಯಲ್ಲಿ ಒಂದು ಹಸು ಎಂದರೆ ಒಂದು ವರ್ಷದ ಅನ್ನ. ಆ ನೋವಿಗೆ ಪರಿಹಾರ ಸಕಾಲಕ್ಕೆ ಸಿಗಬೇಕು, ಅದು ನ್ಯಾಯ. ಆದರೆ ಸೇಡಿಗೆ ಇಟ್ಟ ವಿಷ ಹಾಲು ಕುಡಿಯುವ ಮರಿಯನ್ನೂ ಬಿಡುವುದಿಲ್ಲ. ನೀಲೇಗೌಡನ ಎದೆಯ ಅನುಮಾನದ ಹಾಗೆಯೇ ಸೇಡೂ ಒಂದು ರೋಗ. ಅದಕ್ಕೂ ಈ ಸನ್ನಿಧಿಯಲ್ಲೇ ಮದ್ದು ಬೇಡಬೇಕು.

ಕಾಡಿನ ದಾರಿಯಲ್ಲಿ ಬರುವವರು ಪ್ಲಾಸ್ಟಿಕ್ಕು ಎಸೆಯದೆ, ಬೆಂಕಿ ಹಚ್ಚದೆ, ಅಂತರಗಂಗೆಯಲ್ಲಿ ಬಟ್ಟೆ ಬಿಡದೆ ಹೋದರೆ ಅದೂ ಸೇವೆಯೇ. ಮಲೆ ಆರೋಗ್ಯವಾಗಿದ್ದರೆ ಮಲೆಗೆ ಬರುವವರಿಗೂ ಆರೋಗ್ಯ.

ಇಳಿಯುವಾಗ

ಹತ್ತುವಾಗ ಎಲ್ಲರೂ ಬೇಡುತ್ತಾರೆ. ಇಳಿಯುವಾಗ ಒಂದು ಕೆಲಸ ಹೊತ್ತು ಇಳಿಯಬೇಕು. ಮನೆಗೆ ಹೋದ ಮೇಲೆ ಪಕ್ಕದ ಗುಡ್ಲಿನಿಂದ ಯಾರ ಕೂಗು ಕೇಳುತ್ತಿದೆ ಎಂದು ಕಿವಿಗೊಡಬೇಕು. ಬಾಗಿಲಿಗೆ ಮುಳ್ಳು ಜಡಿದ ಮನೆ ಯಾವ ಊರಿನಲ್ಲೂ ಇರಬಹುದು, ಯಾವ ಕಾಲದಲ್ಲೂ ಇರಬಹುದು. ಆ ಮುಳ್ಳು ಸರಿಸುವ ಕೈಯೇ ಮಾದಪ್ಪನ ಕೈ. ಕಾಗದದಲ್ಲಿ ಮಡಿಸಿ ಕೊಂಡೊಯ್ದ ಧೂಳ್ತ ಆಗ ಕೆಲಸ ಮಾಡುತ್ತದೆ.

ಬೇನೆಯವರಿಗೆ ಬೇನೆ ಕಳೆಯಲಿ. ಔಷಧಿ ಕೊಡುವವರ ಕೈಗುಣ ಹೆಚ್ಚಲಿ. ಮಕ್ಕಳಿಲ್ಲದವರ ಮನೆಯಲ್ಲಿ ಪ್ರೀತಿ ಹೆಚ್ಚಲಿ. ಗಡಿಯ ಈಚೆಯವರೂ ಆಚೆಯವರೂ ಒಂದೇ ಜಗಲಿಯಲ್ಲಿ ನೆಮ್ಮದಿಯಾಗಿ ಮಲಗಲಿ. ಮಳೆ ಬೆಳೆ ಚೆನ್ನಾಗಿ ಆಗಲಿ. ದನಕರು, ಹುಲಿ ಕರಡಿ, ಕಾಡು ನಾಡು ತಣ್ಣಗಿರಲಿ.

ಏಳುಮಲೆ ಒಡೆಯನಿಗೆ ಉಘೇ!
ಸಂಕಮ್ಮನ ಮೊರೆ ಕೇಳಿದ ಅಪ್ಪನಿಗೆ ಉಘೇ!
ಕಾರಯ್ಯ ಬಿಲ್ಲಯ್ಯನವರಿಗೆ ಉಘೇ!
ಮಾದಪ್ಪನ ಪಾದಕ್ಕೆ ಉಘೇ ಉಘೇ!

॥ ಮಂಗಳಂ ॥